ಬಾಲ ಆಡುತ್ತಿದೆಯೇ ನೋಡಿ

ನಿನ್ನೆ ಸಂಜೆ ಗೇಟಿನವರೆಗೆ ಓಡಿಬಂದ ನಾಯಿ ಇವತ್ತು ಹಿಂಗಾಲು ಎಳೆಯುತ್ತದೆ. ನಾಳಿದ್ದರ ಹೊತ್ತಿಗೆ ನಾಲ್ಕೂ ಕಾಲು ಚೆಲ್ಲಿ ಮಲಗಿರುತ್ತದೆ. ಆಗ ಮನೆಯಲ್ಲೂ ನೆರೆಹೊರೆಯಲ್ಲೂ ಕೇಳಿಬರುವುದು ಮೂರೇ ಮಾತು: ಲಕ್ವ ಹೊಡೆದಿದೆ, ಯಾರೋ ವಿಷ ಹಾಕಿದ್ದಾರೆ, ಹುಚ್ಚು ಹಿಡಿದಿದೆ. ಯಾವುದನ್ನು ನಂಬಿದರೂ ಮಾತು ಕೊನೆಗೆ ಬಂದು ನಿಲ್ಲುವುದು ‘ಇಂಜೆಕ್ಷನ್ ಕೊಡಿಸಿ ಮಲಗಿಸಿಬಿಡೋಣ’ ಎಂಬಲ್ಲಿಗೆ. ಈ ಅವಸರಕ್ಕೆ ಅಡ್ಡ ನಿಲ್ಲಬಲ್ಲ ಕಸುಬೊಂದು ಪಶುವೈದ್ಯರ ಕೈಯಲ್ಲಿದೆ. ಅದೇ ನರಪರೀಕ್ಷೆ. ರಬ್ಬರ್ ತಲೆಯ ಸಣ್ಣ ಸುತ್ತಿಗೆ, ಟಾರ್ಚು, ಚಿಮಟ, ಕಾಲು ಜಾರದ ನೆಲ, ಹದಿನೈದಿಪ್ಪತ್ತು ನಿಮಿಷದ ಪುರುಸೊತ್ತು ಇದ್ದರೆ ಸಾಕು. ಎಂಆರ್‌ಐ ಬಂದ ಮೇಲೆ ಈ ಕೈಗೆಲಸದ ಬಗ್ಗೆ ಮಾತಾಡುವವರು ಕಡಿಮೆ. ಆದರೂ ದಿಢೀರನೆ ನೆಲ ಹಿಡಿದ ನಾಯಿಯ ವಿಷಯದಲ್ಲಿ ಯಂತ್ರಕ್ಕಿಂತ ಮೊದಲು, ಔಷಧಕ್ಕಿಂತಲೂ ಮೊದಲು ಆಗಬೇಕಾದದ್ದು ಈ ಪರೀಕ್ಷೆ. ಅದಾಗುವವರೆಗೆ ಬದುಕು ಸಾವಿನ ತೀರ್ಮಾನ ಬೇಡ ಎಂಬುದು ನನ್ನ ವಾದ.

ಇಲ್ಲಿ ವೈದ್ಯರು ಮೊದಲು ಹುಡುಕುವುದು ಕೆಟ್ಟಿರುವ ಜಾಗವನ್ನು, ರೋಗದ ಹೆಸರು ಆಮೇಲಿನ ಮಾತು. ನಾಯಿಯ ಹೊಟ್ಟೆಯಡಿ ಕೈಕೊಟ್ಟು ನಿಲ್ಲಿಸಿ ಒಂದು ಪಾದವನ್ನು ಮಡಚಿ, ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡುತ್ತಾರೆ. ಸರಿಯಿರುವ ನಾಯಿ ಥಟ್ಟನೆ ಪಾದ ತಿರುಗಿಸಿಕೊಳ್ಳುತ್ತದೆ. ಹಾಗೇ ಬಿಟ್ಟರೆ, ಕಾಲು ಎಲ್ಲಿದೆ ಎಂಬ ಸುದ್ದಿ ಮಿದುಳಿಗೆ ತಲುಪುತ್ತಿಲ್ಲ, ಇಲ್ಲವೇ ಅಲ್ಲಿಂದ ಅಪ್ಪಣೆ ಕೆಳಗಿಳಿಯುತ್ತಿಲ್ಲ. ಆಮೇಲೆ ಮಂಡಿಚಿಪ್ಪಿನ ಕೆಳಗೆ ಸುತ್ತಿಗೆಯ ಒಂದು ಪೆಟ್ಟು. ಹಿಂಗಾಲಿಗೆ ಬಲವಿಲ್ಲದಿದ್ದರೂ ಪೆಟ್ಟಿಗೆ ಅದು ಜೋರಾಗಿ ಚಿಮ್ಮಿದರೆ ತೊಂದರೆ ಮೇಲೆ, ಬೆನ್ನಿನ ನಡುಭಾಗದ ಮಿದುಳುಬಳ್ಳಿಯಲ್ಲಿದೆ; ಚಿಮ್ಮದೆ ಜೋತುಬಿದ್ದರೆ ಕಾಲಿನ ನರದಲ್ಲೋ, ಅದರ ಬೇರಿನಲ್ಲೋ, ಬೇರು ಹೊರಡುವ ಮಿದುಳುಬಳ್ಳಿಯ ಭಾಗದಲ್ಲೋ ಇದೆ. ಕೊನೆಯದು ಚಿಮಟದಿಂದ ಬೆರಳು ಒತ್ತುವ ಪರೀಕ್ಷೆ. ಅನೇಕರು ಎಡವುವುದು ಇಲ್ಲಿಯೇ. ಒತ್ತಿದಾಗ ಕಾಲು ಹಿಂದಕ್ಕೆ ಸರಿದ ಮಾತ್ರಕ್ಕೆ ನೋವು ತಿಳಿಯಿತೆಂದು ಅರ್ಥವಲ್ಲ, ಆ ಕೆಲಸವನ್ನು ಮಿದುಳುಬಳ್ಳಿ ತಾನೊಂದೇ ಮಾಡಬಲ್ಲದು. ನಾಯಿ ತಲೆ ತಿರುಗಿಸಿ ನೋಡಬೇಕು, ಕುಂಯ್‌ಗುಡಬೇಕು, ಕಚ್ಚಲಾದರೂ ಬರಬೇಕು. ಆಗ ಮಾತ್ರ ನೋವು ಮಿದುಳಿಗೆ ಮುಟ್ಟಿದ ಲೆಕ್ಕ.

ಇಷ್ಟರಿಂದ ಏನು ಪ್ರಯೋಜನ ಎನ್ನುವವರು ಪಾಲಿರ್ಯಾಡಿಕ್ಯುಲೊನ್ಯೂರೈಟಿಸ್ ಎಂಬ ಕಾಯಿಲೆಯನ್ನು ನೋಡಬೇಕು. ಹೆಸರು ಉದ್ದವಾದರೂ ಸಂಗತಿ ಸರಳ: ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ತಿರುಗಿಬಿದ್ದು ನರಗಳ ಬೇರಿಗೆ ಉರಿಯೂತ ತರುತ್ತದೆ. ಮನುಷ್ಯರಲ್ಲಿ ಬರುವ ಗಿಲಾನ್ ಬಾರೆ ಸಿಂಡ್ರೋಮ್‌ನ ನಾಯಿ ರೂಪ ಇದು. ಅಮೆರಿಕದಲ್ಲಿ ರಕೂನ್ ಬೇಟೆಗೆ ಬಳಸುವ ಕೂನ್‌ಹೌಂಡ್ ತಳಿಯಲ್ಲಿ ಇದನ್ನು 1950ರ ದಶಕದಲ್ಲೇ ಗುರುತಿಸಿದ್ದರು, ರಕೂನ್ ಕಚ್ಚಿದ ಕೆಲವು ದಿನಗಳಲ್ಲಿ ಆ ನಾಯಿಗಳು ಬಿದ್ದುಬಿಡುತ್ತಿದ್ದವು. ರಕೂನ್ ಸಹವಾಸವೇ ಇಲ್ಲದ ನಾಡುಗಳ ನಾಯಿಗಳಿಗೂ ಇದು ಬರುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಈ ಕಾಯಿಲೆ ಬಂದ 27 ನಾಯಿಗಳನ್ನೂ ಬಾರದ 47 ನಾಯಿಗಳನ್ನೂ ಹೋಲಿಸಿ 2018ರಲ್ಲಿ ವರದಿ ಪ್ರಕಟಿಸಿದರು. ಕಾಯಿಲೆ ಬಿದ್ದವುಗಳ ಮಲದಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಬ್ಯಾಕ್ಟೀರಿಯಾ ಸಿಗುವ ಸಂಭವ 9.4 ಪಟ್ಟು ಹೆಚ್ಚಿತ್ತು. ಹಸಿ ಕೋಳಿಮಾಂಸ ತಿನ್ನಿಸುವುದಕ್ಕೂ ಕಾಯಿಲೆಗೂ ನಂಟು ಕಂಡಿತು. (ಕೋಳಿ ಅಂಗಡಿಯ ಕಾಲು, ಕತ್ತನ್ನು ಚೆನ್ನಾಗಿ ಬೇಯಿಸಿ, ಮೂಳೆ ಬಿಡಿಸಿ ಅನ್ನಕ್ಕೆ ಕಲಸುವ ನಮ್ಮ ಹಳೆ ರೂಢಿಯೇ ವಾಸಿ ಎನ್ನದೆ ವಿಧಿಯಿಲ್ಲ.) ಇಂಥ ನಾಯಿಯನ್ನು ನೋಡಿದವರ ಎದೆ ಒಡೆಯುತ್ತದೆ. ತಲೆ ಎತ್ತಲೂ ಆಗದೆ ಬಿದ್ದಿರುತ್ತದೆ, ಬೊಗಳಿದರೆ ಗಾಳಿಯಷ್ಟೇ ಬರುತ್ತದೆ. ಆದರೆ ಕಣ್ಣು ಚುರುಕು, ಹಸಿವೆ ಇದ್ದೇ ಇದೆ, ಉಚ್ಚೆ ಮೇಲಿನ ಹಿಡಿತ ಸಾಮಾನ್ಯವಾಗಿ ತಪ್ಪಿರುವುದಿಲ್ಲ, ಮನೆಯವರು ಕರೆದರೆ ಬಾಲ ಆಡುತ್ತದೆ. ಮಂಡಿಯ ಚಿಮ್ಮು ಇಲ್ಲ, ನೋವು ಮಾತ್ರ ತಿಳಿಯುತ್ತದೆ, ಬಾಲ ಆಡುತ್ತದೆ ಎಂಬ ಮೂರೂ ಒಟ್ಟಿಗೆ ಕಂಡರೆ ಅನುಭವಿ ವೈದ್ಯರ ಮುಖದಲ್ಲಿ ಸ್ವಲ್ಪ ನಿರಾಳ ಕಾಣುತ್ತದೆ. ಏಕೆಂದರೆ ಉಸಿರಾಟದ ಸ್ನಾಯುಗಳಿಗೆ ಏಟು ಬೀಳದಿದ್ದರೆ ಇಂಥ ಬಹುಪಾಲು ನಾಯಿಗಳು ಕೆಲವು ವಾರ ಅಥವಾ ಕೆಲವು ತಿಂಗಳಲ್ಲಿ ಎದ್ದು ನಡೆಯುತ್ತವೆ. ಅದೂ ವಿಶೇಷ ಔಷಧವಿಲ್ಲದೆ, ಬರೀ ಆರೈಕೆಯಿಂದ. ಎರಡನೇ ದಿನವೇ ‘ಮಲಗಿಸಿ’ಬಿಟ್ಟಿದ್ದರೆ?

ವಯಸ್ಸಾದ ನಾಯಿಗಳಲ್ಲಿ ಇನ್ನೊಂದು ಬಗೆಯ ಮೋಸ ನಡೆಯುತ್ತದೆ. ಇದ್ದಕ್ಕಿದ್ದಂತೆ ತಲೆ ಒಂದು ಕಡೆಗೆ ವಾಲಿ, ಕಣ್ಣುಗುಡ್ಡೆ ಅತ್ತಿತ್ತ ಓಡಿ, ವಾಂತಿಯಾಗಿ, ನಿಂತಲ್ಲೇ ಉರುಳಿದರೆ ಮಿದುಳಿಗೆ ಸ್ಟ್ರೋಕ್ ಆಯಿತೆಂದೇ ಎಲ್ಲರೂ ತಿಳಿಯುತ್ತಾರೆ. ಎಷ್ಟೋ ಸಲ ಅದು ಒಳಗಿವಿಯ ಸಮತೋಲದ ವ್ಯವಸ್ಥೆ ಕಾರಣವಿಲ್ಲದೆ ಕೈಕೊಟ್ಟಿರುವುದಷ್ಟೇ. ಎರಡು ಮೂರು ದಿನದಲ್ಲಿ ಇಳಿಮುಖವಾಗಿ, ಎರಡು ಮೂರು ವಾರದಲ್ಲಿ ನಾಯಿ ಮೊದಲಿನಂತಾಗುತ್ತದೆ, ತಲೆ ಒಂಚೂರು ಓರೆಯಾಗಿ ಉಳಿದರೂ ಉಳಿಯಬಹುದು. ಮಿದುಳಿನ ತೊಂದರೆಗೂ ಕಿವಿಯ ತೊಂದರೆಗೂ ವ್ಯತ್ಯಾಸ ಹೇಳುವುದು ಮತ್ತೆ ಅದೇ ಪಾದ ಮಡಚುವ ಪರೀಕ್ಷೆ. ಮಿದುಳಿನಲ್ಲಿ ಕೆಟ್ಟಿದ್ದರೆ ಪಾದ ಸಾಮಾನ್ಯವಾಗಿ ಮಡಚಿದಂತೆಯೇ ಉಳಿಯುತ್ತದೆ.

ನಮ್ಮ ದೇಶದಲ್ಲಿ ಈ ವಾದಕ್ಕೆ ಎದುರಾಗುವ ಅತಿ ಗಟ್ಟಿ ಆಕ್ಷೇಪ ರೇಬಿಸ್. ರೇಬಿಸ್ ಇರುವ ನಾಡಿನಲ್ಲಿ ಕಾಲು ಸೋತ, ದವಡೆ ಜೋತ, ಜೊಲ್ಲು ಸುರಿಸುವ ನಾಯಿಯನ್ನು ಮುಟ್ಟಿ ಪರೀಕ್ಷಿಸಿ ಎನ್ನುವುದು ಹೊಣೆಗೇಡಿತನವಲ್ಲವೇ? ಆಕ್ಷೇಪ ಸರಿಯಾದದ್ದೇ, ಅದನ್ನು ತಳ್ಳಿಹಾಕುವಂತಿಲ್ಲ. ದವಡೆಯ ನರಕ್ಕೆ ಉರಿಯೂತ ಬಂದು ಬಾಯಿ ಮುಚ್ಚಲಾಗದೆ ಜೋತುಬೀಳುವ ಕಾಯಿಲೆಯೊಂದಿದೆ, ಅದು ಎರಡು ಮೂರು ವಾರದಲ್ಲಿ ತಾನಾಗಿ ವಾಸಿಯಾಗುತ್ತದೆ. ಮೂಕ ರೇಬಿಸ್‌ನ ನಾಯಿಯೂ ಹೊರನೋಟಕ್ಕೆ ಹಾಗೆಯೇ ಕಾಣುತ್ತದೆ, ಅದಕ್ಕೆ ಗುಣವೆಂಬುದಿಲ್ಲ. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬರಿಗೈ ಬಾಯೊಳಗೆ ಹಾಕುವವರು ಪ್ರಾಣ ಒತ್ತೆಯಿಡುತ್ತಾರೆ. ಆದ್ದರಿಂದ ಲಸಿಕೆಯ ಚೀಟಿ ಇಲ್ಲದ, ಈಚೆಗೆ ಬೀದಿನಾಯಿ ಕಚ್ಚಿದ, ಸ್ವಭಾವವೇ ಬದಲಾದ ನಾಯಿಯನ್ನು ಬೇರೆಯಾಗಿ ಕೂಡಿಹಾಕಿ, ಕೈಗವಸು ಹಾಕಿದ ವೈದ್ಯರಿಗೇ ಬಿಡಬೇಕು. ಜೊಲ್ಲು ಗಾಯಕ್ಕೆ ತಾಗಿದವರು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಲಸಿಕೆಗೆ ಹೋಗಬೇಕು. ಆದರೂ ಆಕ್ಷೇಪಕ್ಕೆ ಉತ್ತರವಿದೆ. ರೇಬಿಸ್ ಲಕ್ಷಣ ತೋರಿದ ನಾಯಿ ಸಾಮಾನ್ಯವಾಗಿ ಹತ್ತು ದಿನ ದಾಟುವುದಿಲ್ಲ. ವರ್ಷ ವರ್ಷ ಲಸಿಕೆ ಹಾಕಿಸಿಕೊಂಡ, ನೆಮ್ಮದಿಯಾಗಿ ತಿನ್ನುತ್ತಿರುವ, ಹೆಸರು ಕರೆದರೆ ಬಾಲವಾಡಿಸುವ ನಾಯಿಯನ್ನು ಅದೇ ಪಟ್ಟಿಗೆ ಸೇರಿಸುವುದು ಎಚ್ಚರಿಕೆಯೆನಿಸದು, ಅದು ಬರೀ ಗಾಬರಿ.

ಹಾಗೆಂದು ಕೈಕಟ್ಟಿ ಕಾಯಿರಿ ಎಂಬುದೂ ನನ್ನ ಮಾತಲ್ಲ. ಕಾಯಬಾರದ ಕಾಯಿಲೆಗಳೂ ಇವೆ. ಪಗ್, ಮಾಲ್ಟೀಸ್, ಯಾರ್ಕ್‌ಶೈರ್ ಟೆರಿಯರ್‌ಗಳಂಥ ಪುಟ್ಟ ತಳಿಗಳಲ್ಲಿ ನಿರೋಧಕ ವ್ಯವಸ್ಥೆ ಮಿದುಳಿನ ಮೇಲೆಯೇ ಎರಗುವುದುಂಟು. ಫಿಟ್ಸ್, ಗಿರಕಿ ಹೊಡೆಯುವುದು, ದಿಢೀರ್ ಕುರುಡು ಅದರ ಲಕ್ಷಣ. ಅದೇ ವ್ಯವಸ್ಥೆ ರಕ್ತದ ಕೆಂಪುಕಣಗಳನ್ನೇ ಒಡೆದುಹಾಕುವ ಇನ್ನೊಂದು ಕಾಯಿಲೆಯಲ್ಲಿ ಒಸಡು ಬಿಳಿಚಿ, ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಇವೆರಡರಲ್ಲೂ ಸ್ಟೆರಾಯ್ಡ್ ತಡವಾದಷ್ಟೂ ನಷ್ಟ. ಸಮಸ್ಯೆಯೆಂದರೆ, ಎಲ್ಲದಕ್ಕೂ ಮೊದಲು ಒಂದು ಸ್ಟೆರಾಯ್ಡ್ ಇಂಜೆಕ್ಷನ್ ಎಂಬ ಅಭ್ಯಾಸ. ನಮ್ಮಲ್ಲಿ ಉಣುಗಿನಿಂದ ಬರುವ ಎರ್ಲಿಕಿಯಾ, ಬೆಬೀಸಿಯಾ ಸೋಂಕುಗಳು ಸಾಮಾನ್ಯ. ರಕ್ತಕಣ ಒಡೆಯುವ ಕೆಲಸವನ್ನು ಬೆಬೀಸಿಯಾ ಕೂಡ ಮಾಡುತ್ತದೆ, ನರದ ಲಕ್ಷಣಗಳನ್ನು ಎರ್ಲಿಕಿಯಾ ಕೂಡ ತೋರಿಸಬಲ್ಲದು. ರಕ್ತದ ಸ್ಮಿಯರ್ ನೋಡದೆ ಸ್ಟೆರಾಯ್ಡ್ ಕೊಟ್ಟರೆ ಸೋಂಕಿಗೆ ದಾರಿ ಬಿಟ್ಟಂತೆ, ಮುಂದಿನ ಪರೀಕ್ಷೆಗಳೂ ಮಸುಕಾಗುತ್ತವೆ. ನಾಯಿ ಎರಡು ದಿನ ಚೇತರಿಸಿಕೊಂಡಂತೆ ಕಂಡು ಮನೆಯವರು ಡಾಕ್ಟರ ಕೈಗುಣ ಹೊಗಳುತ್ತಾರೆ, ಐದನೇ ದಿನ ಮತ್ತೆ ಬೀಳುತ್ತದೆ. ಸ್ಟೆರಾಯ್ಡ್ ಮೇಲಿರುವಾಗ ಮೆಲಾಕ್ಸಿಕಾಂನಂಥ ನೋವಿನ ಔಷಧ ಜೊತೆಗೂಡಿದರೆ ಜಠರದಲ್ಲಿ ಹುಣ್ಣಾಗಬಹುದು. ಗುಣವಾಯಿತೆಂದು ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸುವುದೂ ಅಪಾಯ.

ಇನ್ನು ಆರೈಕೆ. ಇದು ಮನೆಯವರ ಕಸುಬು, ನರಪರೀಕ್ಷೆಯಷ್ಟೇ ನಿಖರವಾದದ್ದು. ಮಲಗಿದ ನಾಯಿಯ ಮಗ್ಗುಲನ್ನು ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಬದಲಿಸಬೇಕು, ಇಲ್ಲದಿದ್ದರೆ ಮೊಣಕೈ, ಸೊಂಟದ ಮೂಳೆಯ ಮೇಲೆ ಹುಣ್ಣು ಏಳುತ್ತದೆ, ಕೆಳಗಿನ ಶ್ವಾಸಕೋಶದಲ್ಲಿ ಕಫ ಕಟ್ಟುತ್ತದೆ. ಹಳೆ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಹೊಟ್ಟೆಯಡಿ ತೂರಿಸಿ ಎತ್ತಿಹಿಡಿದರೆ, ಅಂಗಡಿಯ ಸ್ಲಿಂಗ್ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಉಚ್ಚೆಯ ಹಿಡಿತ ತಪ್ಪಿದ್ದರೆ ಹೊಟ್ಟೆಯ ಎರಡೂ ಬದಿಗೆ ಅಂಗೈಯಿಟ್ಟು ಮೂತ್ರಕೋಶ ಹಿಂಡುವುದನ್ನು ಡಾಕ್ಟರರ ಎದುರಿಗೇ ಕಲಿಯಬೇಕು, ವಿಡಿಯೊ ನೋಡಿ ಕಲಿಯುವ ವಿದ್ಯೆ ಅದಲ್ಲ. ನಿರೋಧಕ ವ್ಯವಸ್ಥೆಯೇ ತಿರುಗಿಬೀಳುವ ಮಯಸ್ತೇನಿಯಾ ಎಂಬ ಇನ್ನೊಂದು ಕಾಯಿಲೆಯಲ್ಲಿ ಅನ್ನನಾಳ ಸಡಿಲವಾಗಿ ಚೀಲದಂತಾಗುತ್ತದೆ. ಆಗ ನಾಯಿಯನ್ನು ನೆಟ್ಟಗೆ ಕೂರಿಸಿ ಉಣಿಸಿ, ಉಂಡ ಮೇಲೂ ಕಾಲು ಗಂಟೆ ಹಾಗೇ ಹಿಡಿದಿರಬೇಕು. ಈ ನಾಯಿಗಳನ್ನು ಹೆಚ್ಚಾಗಿ ಕೊಲ್ಲುವುದು ಮೂಲ ಕಾಯಿಲೆಗಿಂತ, ಶ್ವಾಸಕೋಶಕ್ಕೆ ಜಾರಿದ ತುತ್ತು.

ಇಷ್ಟೆಲ್ಲ ಯಾರಿಗೆ ಸಾಧ್ಯ, ನಾಯಿಗೂ ಇದು ಹಿಂಸೆಯಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಬಾಡಿಗೆ ಮನೆ, ಇಬ್ಬರೂ ಕೆಲಸಕ್ಕೆ ಹೋಗುವ ಸಂಸಾರ, ನಲವತ್ತು ಕೆ.ಜಿ. ತೂಕದ ಲ್ಯಾಬ್ರಡಾರ್ ಎಂದರೆ ಪ್ರೀತಿಯೊಂದರಿಂದ ಭಾರ ಎತ್ತಲಾಗದು. ದಯಾಮರಣ ಸರಿಯಾದ ದಾರಿಯಾಗುವ ಸಂದರ್ಭಗಳೂ ಇವೆ. ಉಸಿರಾಟ ಸೋತು ವೆಂಟಿಲೇಟರ್ ಸಿಗದಾಗ, ಔಷಧಕ್ಕೆ ಬಗ್ಗದ ಫಿಟ್ಸ್ ಬಿಡದೆ ಬರುವಾಗ, ತಗ್ಗಿಸಲಾಗದ ನೋವಿದ್ದಾಗ ಎಳೆದಾಡಿಸುವುದು ಕ್ರೌರ್ಯ. ಡ್ಯಾಶುಂಡ್‌ನಂಥ ನಾಯಿಯ ಬೆನ್ನಿನ ಡಿಸ್ಕ್ ಜಾರಿ ಹಿಂಗಾಲಿನ ಆಳದ ನೋವೂ ತಿಳಿಯದಾದರೆ, ಶಸ್ತ್ರಚಿಕಿತ್ಸೆಯಾದರೂ ನಡೆಯುವ ಸಾಧ್ಯತೆ ಸುಮಾರು ಅರ್ಧ, ಆಗದಿದ್ದರೆ ಇನ್ನೂ ಕಡಿಮೆ. ಈ ಕಠಿಣ ಮಾತನ್ನು ಹೇಳಲು ವೈದ್ಯರಿಗೆ ಅಧಿಕಾರ ಬರುವುದೂ ಅದೇ ಚಿಮಟದ ಪರೀಕ್ಷೆಯಿಂದ. ಖರ್ಚಿನ ಲೆಕ್ಕಕ್ಕೂ ಅದೇ ಆಧಾರ: ಕೆಟ್ಟ ಜಾಗ ಗೊತ್ತಾದರೆ ಎಂಆರ್‌ಐ ಬೇಕೇ, ಬೇಕಾದರೆ ಯಾವ ಭಾಗಕ್ಕೆ ಎಂಬುದು ಗೊತ್ತಾಗುತ್ತದೆ, ಎಷ್ಟೋ ಸಲ ಅದು ಬೇಡವೆಂದೂ ಗೊತ್ತಾಗುತ್ತದೆ.

ಈ ವಿದ್ಯೆ ಕಲಿಸುವ ಜಾಗಗಳು ನಮ್ಮಲ್ಲೇ ಇವೆ. 1958ರಲ್ಲಿ ಆರಂಭವಾದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಬೀದರ್, ಹಾಸನ, ಶಿವಮೊಗ್ಗ, ಗದಗದ ಕಾಲೇಜುಗಳು ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಹೆಬ್ಬಾಳದ ಆವರಣದಲ್ಲಿ ರೇಬಿಸ್ ಪತ್ತೆಯ ಪ್ರಯೋಗಾಲಯವೂ ಇದೆ. ನಾಯಿ ದಿಢೀರ್ ಬಿದ್ದಾಗ ಹೊರಡುವ ಮುಂಚೆ ಅದು ನಡೆಯಲು ಯತ್ನಿಸುವುದನ್ನು ಫೋನಿನಲ್ಲಿ ಒಂದು ನಿಮಿಷ ವಿಡಿಯೊ ಮಾಡಿಕೊಳ್ಳಿ. ಲಸಿಕೆಯ ಪುಸ್ತಕ ತೆಗೆದುಕೊಳ್ಳಿ. ಕಳೆದ ಎರಡು ವಾರದಲ್ಲಿ ಏನು ತಿಂದಿತು, ಉಣುಗು ಕಂಡಿತ್ತೇ, ಯಾವುದಾದರೂ ಪ್ರಾಣಿ ಕಚ್ಚಿತ್ತೇ ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮಾತ್ರ ಕೊಡಬೇಡಿ. ಡಾಕ್ಟರರು ಸ್ಟೆರಾಯ್ಡ್ ಸೂಜಿ ಎತ್ತಿಕೊಂಡರೆ, ಅದಕ್ಕೆ ಮುಂಚೆ ರಕ್ತ ತೆಗೆದಿಟ್ಟುಕೊಳ್ಳಿ ಎಂದು ಸಂಕೋಚವಿಲ್ಲದೆ ಕೇಳಿ.