ನಿಮಗಿದು ಗೊತ್ತೇ? ಆ್ಯಸಿಡ್ ನುಂಗಿದವರಿಗೆ ವಾಂತಿ ಮಾಡಿಸಬಾರದು

ಮುಧೋಳ ತಾಲ್ಲೂಕಿನ ತಿಮ್ಮಾಪುರ ಎಂದರೆ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ, ರಬಕವಿ-ಬನಹಟ್ಟಿ ಎಂದರೆ ಮಗ್ಗ. ಈ ಎರಡೂ ಕಸುಬುಗಳಲ್ಲಿ ಬಳಕೆಯಾಗುವ ವಸ್ತು ಕಾಸ್ಟಿಕ್ ಸೋಡಾ. ಕಬ್ಬಿನ ಹಾಲು ಕಾಯಿಸುವ ಕೊಳವೆಗಳಿಗೆ ಕಟ್ಟಿದ ಗಟ್ಟಿ ಪದರ ಕಳಚಲೂ ಅದು ಬೇಕು, ನೂಲಿಗೆ ವ್ಯಾಟ್ ಬಣ್ಣ ಹಿಡಿಸಲೂ ಬೇಕು.

ನೀರಲ್ಲಿ ಕರಗಿದ ಕಾಸ್ಟಿಕ್ ಸೋಡಾಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಹಳೆಯ ನೀರಿನ ಬಾಟಲಿಗೆ ತುಂಬಿಟ್ಟರೆ ಮಕ್ಕಳಿರಲಿ, ದೊಡ್ಡವರಿಗೂ ಗುರುತು ಸಿಗುವುದಿಲ್ಲ.

ಕಾಸ್ಟಿಕ್ ಸೋಡಾದಂಥ ಕ್ಷಾರ ಒಳಗೆ ಹೋದರೆ ಅಂಗಾಂಶದ ಕೊಬ್ಬನ್ನು ಸಾಬೂನಾಗಿಸಿ, ಕರಗಿಸುತ್ತ ಆಳಕ್ಕಿಳಿಯುತ್ತದೆ. ಅನ್ನನಾಳಕ್ಕೆ ದೊಡ್ಡ ಪೆಟ್ಟು. ಶೌಚಾಲಯ ತೊಳೆಯುವ ಆ್ಯಸಿಡ್ ಅಂಗಾಂಶವನ್ನು ಹೆಪ್ಪುಗಟ್ಟಿಸುತ್ತದೆ. ಹೊಟ್ಟೆಯ ಕೆಳಬಾಯಿಯನ್ನೂ ಕೆಡಿಸಬಹುದು.

ಉಪ್ಪುನೀರು, ಹುಣಸೆನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ಕಕ್ಕಿಸುವುದು ಇಂಥ ಹೊತ್ತಿನಲ್ಲಿ ಮಾಡಬಹುದಾದ ಅತಿ ಕೆಟ್ಟ ಕೆಲಸ. ಇಳಿಯುವಾಗ ಸುಟ್ಟದ್ದು ಏರುವಾಗ ಇನ್ನೊಮ್ಮೆ ಸುಡುತ್ತದೆ, ಶ್ವಾಸನಾಳಕ್ಕೂ ನುಗ್ಗಬಹುದು. ಆ್ಯಸಿಡ್‌ಗೆ ಅಡುಗೆ ಸೋಡಾ, ಕಾಸ್ಟಿಕ್‌ಗೆ ನಿಂಬೆರಸ ಎಂಬ ಲೆಕ್ಕಾಚಾರವೂ ಬೇಡ: ಎರಡೂ ಕೂಡಿದಾಗ ಶಾಖ ಹುಟ್ಟುತ್ತದೆ. ಬಾಯಿ ಮುಕ್ಕಳಿಸಿ ಉಗುಳಿಸಿ, ಮೈಮೇಲೆ ಚೆಲ್ಲಿದ್ದರೆ ಬಟ್ಟೆ ತೆಗೆದು ಧಾರಾಳ ನೀರಲ್ಲಿ ತೊಳೆಯಿರಿ. ವೈದ್ಯರು ಹೇಳುವವರೆಗೆ ಏನನ್ನೂ ಕುಡಿಸಬೇಡಿ. ಬಾಟಲಿಯನ್ನು ಆಸ್ಪತ್ರೆಗೆ ಒಯ್ಯಿರಿ, ಒಳಗಿದ್ದದ್ದೇನೆಂದು ವೈದ್ಯರಿಗೆ ತಿಳಿಯಬೇಕು.

ಆಸ್ಪತ್ರೆಯಲ್ಲೂ ಇದಕ್ಕೆ ಹೊಟ್ಟೆ ತೊಳೆಯುವುದಿಲ್ಲ, ಇದ್ದಿಲ ಪುಡಿ ಕೊಡುವುದಿಲ್ಲ. ಮೊದಲು ಉಸಿರಿನ ದಾರಿ ನೋಡುತ್ತಾರೆ. ದನಿ ಗೊಗ್ಗರಾಗಿದ್ದರೆ, ಉಸಿರಾಟ ಸದ್ದು ಮಾಡುತ್ತಿದ್ದರೆ ಗಂಟಲು ಊದುತ್ತಿದೆ ಎಂದರ್ಥ.

ಬಾಯಲ್ಲಿ ಗಾಯವೇ ಇಲ್ಲ ಎಂದು ಮನೆಗೆ ಕರೆತರುವವರಿದ್ದಾರೆ. ತುಟಿ, ನಾಲಿಗೆ ಸರಿಯಿದ್ದೂ ಅನ್ನನಾಳ ಸುಟ್ಟಿರಬಹುದು. ಜೊಲ್ಲು ಸುರಿಸುತ್ತ ನುಂಗಲೊಲ್ಲದ ಮಗುವನ್ನು ಒಂದು ಗಳಿಗೆಯೂ ಕಾಯಿಸಬೇಡಿ.

ಸಾಮಾನ್ಯವಾಗಿ ಮೊದಲ 24 ಗಂಟೆಯೊಳಗೆ ಎಂಡೋಸ್ಕೊಪಿ ಮಾಡಿ ಗಾಯದ ಆಳ ಅಳೆಯುತ್ತಾರೆ. ತೂತು ಬಿದ್ದಿರುವ ಶಂಕೆಯಿದ್ದರೆ ಸಿಟಿ ಸ್ಕ್ಯಾನ್. ಜಗತ್ತಿನ ವೈದ್ಯರು ಗಾಯಕ್ಕೆ ದರ್ಜೆ ಕೊಡಲು ಬಳಸುವ ‘ಝರ್ಗರ್’ ಪದ್ಧತಿ ನಮ್ಮ ದೇಶದ್ದೇ. ಚಂಡೀಗಢದ ಪಿಜಿಐ ಆಸ್ಪತ್ರೆಯಲ್ಲಿ ಶೌಕತ್ ಅಲಿ ಝರ್ಗರ್ ಮತ್ತು ಸಂಗಡಿಗರು ರೂಪಿಸಿ 1991ರಲ್ಲಿ ಪ್ರಕಟಿಸಿದ್ದು. 2ಎ ದರ್ಜೆಯವರೆಗಿನ ಗಾಯ ಸಾಮಾನ್ಯವಾಗಿ ತೊಂದರೆಯಿಲ್ಲದೆ ಮಾಯುತ್ತದೆ. 2ಬಿ ಮತ್ತು ಅದಕ್ಕೂ ಮೇಲಿನದಾದರೆ ಅನ್ನನಾಳ ಕಿರಿದಾಗುವ ಭಯ ಹೆಚ್ಚು.

ಹಾಗೆ ಕಿರಿದಾಗುವುದು ಕೆಲವು ವಾರಗಳ ನಂತರ. ರೊಟ್ಟಿ ಇಳಿಯದು, ಆಮೇಲೆ ಗಂಜಿಯೂ ಇಳಿಯದು. ಮತ್ತೆ ಮತ್ತೆ ಹಿಗ್ಗಿಸಬೇಕಾಗುತ್ತದೆ. ಅದೂ ಸೋತರೆ ಕರುಳಿನ ತುಂಡಿನಿಂದ ಹೊಸ ಅನ್ನನಾಳ ಕಟ್ಟುತ್ತಾರೆ. ದಶಕಗಳ ನಂತರ ಕ್ಯಾನ್ಸರ್ ಬರುವ ಸಾಧ್ಯತೆಯೂ ಇರುವುದರಿಂದ ತಪಾಸಣೆ ನಿಲ್ಲಿಸಬಾರದು.

ಆಟಿಕೆಯ ಗುಂಡಿ ಬ್ಯಾಟರಿಯೂ ಇದೇ ಜಾತಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯಲ್ಲೇ ಸುಡಬಲ್ಲದು.

ಅಮೆರಿಕದ ಗಂಟಲುತಜ್ಞ ಷೆವಲಿಯರ್ ಜಾಕ್ಸನ್ ಕಾಸ್ಟಿಕ್ ನುಂಗಿದ ಮಕ್ಕಳನ್ನು ನೋಡಿ ನೋಡಿ ನೊಂದು, ಡಬ್ಬಿಯ ಮೇಲೆ ‘ವಿಷ’ ಎಂದು ಬರೆಯಿಸಲು ಹೋರಾಡಿದರು. 1927ರಲ್ಲಿ ಅಲ್ಲಿ ಅದು ಕಾನೂನಾಯಿತು. ನಮ್ಮಲ್ಲಿ 2013ರ ಸುಪ್ರೀಂ ಕೋರ್ಟ್ ಆದೇಶದಂತೆ 18 ತುಂಬದವರಿಗೆ ಆ್ಯಸಿಡ್ ಮಾರುವಂತಿಲ್ಲ.

ನೋವಿನಿಂದ ತಾವೇ ಕುಡಿದವರನ್ನು ಪೊಲೀಸ್ ಭಯಕ್ಕೆ ಮನೆಯಲ್ಲಿ ಬಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ, ಆರೈಕೆ ಕೊಡುವುದು ಸರ್ಕಾರದ ಹೊಣೆ ಎನ್ನುತ್ತದೆ. ಮನಸ್ಸು ಕುಸಿದಾಗ ಮಾತಾಡಲು ಟೆಲಿ ಮಾನಸ್: 14416.

ಆಂಬುಲೆನ್ಸ್‌ಗೆ 108, ವಿಷದ ಬಗ್ಗೆ ಸಲಹೆಗೆ ದೆಹಲಿ ಏಮ್ಸ್ ಕೇಂದ್ರ 1800 116 117. ಇವತ್ತೇ ಗೋಡೆಯ ಮೇಲೆ ಬರೆದಿಡಿ, ಕಾಸ್ಟಿಕ್ ಡಬ್ಬಿಗೆ ಬೀಗ ಹಾಕಿ.