‘ನಾನು’ ಬೆಳೆಯುವ ಬಗೆ

ಹುಬ್ಬಳ್ಳಿ-ಧಾರವಾಡದ ಕಡೆ ಹೊಸಬನೊಬ್ಬನು ಮನೆಗೆ ಬಂದರೆ ಹಿರಿಯರು ಮೊದಲು ಕೇಳುವುದು, ‘ನೀವು ಯಾರ ಪೈಕಿ?’ ಎಂದು. ಬಂದವನು ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಇಷ್ಟನ್ನು ಹೇಳುತ್ತಾನೆ. ಆ ಅಡ್ಡಹೆಸರು ಅನೇಕ ವೇಳೆ ಒಂದು ಊರಿನ ಹೆಸರೇ ಆಗಿರುವುದುಂಟು: ಹಾನಗಲ್ಲ, ಮನಸೂರ, ಕುಂದಗೋಳಕರ. ಇಷ್ಟು ತಿಳಿದರೆ ಕೇಳಿದವರಿಗೆ ಸಮಾಧಾನವಾಗುತ್ತದೆ. ಆದರೆ ಅದೇ ಪ್ರಶ್ನೆಯನ್ನು ತಿರುಗಿಸಿ, ‘ನಾನು ಯಾರು?’ ಎಂದು ನಮ್ಮನ್ನೇ ಕೇಳಿಕೊಂಡರೆ ಉತ್ತರವು ಅಷ್ಟು ಸುಲಭವಾಗಿ ದೊರೆಯದು. ತೊಟ್ಟಿಲಲ್ಲಿದ್ದ ಕೂಸು, ಶಾಲೆಯ ಹುಡುಗ, ನಲವತ್ತರ ಗೃಹಸ್ಥ, ಎಂಬತ್ತರ ಮುದುಕ ಇವರೆಲ್ಲರೂ ಒಬ್ಬನೇ ಎಂದು ನಾವು ಯಾವ ಆಧಾರದ ಮೇಲೆ ಹೇಳುತ್ತೇವೆ? ದೇಹ ಬದಲಾಗಿದೆ, ದನಿ ಬದಲಾಗಿದೆ, ಇಷ್ಟಾನಿಷ್ಟಗಳೂ ಬದಲಾಗಿವೆ.

ಬಹುಕಾಲ ತತ್ತ್ವಜ್ಞಾನಿಗಳದಾಗಿದ್ದ ಈ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞರೂ ಕೈಗೆತ್ತಿಕೊಂಡರು. ಅಮೇರಿಕದ ವಿಲಿಯಂ ಜೇಮ್ಸನು 1890ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ‘ಅರಿಯುವ ನಾನು’ ಮತ್ತು ‘ಅರಿಯಲ್ಪಡುವ ನಾನು’ ಎಂದು ಎರಡು ಬಗೆ ಮಾಡಿದನು. ಧಾರವಾಡದ ದ. ರಾ. ಬೇಂದ್ರೆಯವರು ಇದೇ ವಿಷಯವನ್ನು ಕವಿಯ ಕಣ್ಣಿನಿಂದ ನೋಡಿದರು. ಅವರ ‘ನಾಕು ತಂತಿ’ ಕವನದ ನಾಲ್ಕು ಭಾಗಗಳ ಹೆಸರುಗಳು ನಾನು, ನೀನು, ಆನು, ತಾನು. ಆ ಹೆಸರಿನ ಸಂಕಲನಕ್ಕೆ 1973ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ದೊರೆಯಿತು. ‘ನಾನು’ ಎಂಬುದು ಒಂದೇ ತಂತಿಯಲ್ಲ ಎಂಬ ಮಾತಿನಲ್ಲಿ ಕವಿಗೂ ವಿಜ್ಞಾನಿಗೂ ಭೇದವಿಲ್ಲ. ಆ ತಂತಿಗಳು ಯಾವ ಕಾಲದಲ್ಲಿ, ಹೇಗೆ ಬಿಗಿದುಕೊಳ್ಳುತ್ತವೆ ಎಂಬುದನ್ನು ಈಗ ನೋಡೋಣ.

ಕನ್ನಡಿಯಲ್ಲಿ ಕಂಡವರು ಯಾರು?

ಸುಮಾರು ನಾಲ್ಕೂವರೆ ತಿಂಗಳ ಕೂಸು ಬೇರೆ ಹೆಸರುಗಳಿಗಿಂತ ತನ್ನ ಹೆಸರಿಗೆ ಹೆಚ್ಚು ಹೊತ್ತು ಕಿವಿಗೊಡುತ್ತದೆಂದು 1995ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಆದರೆ ಆಗ ಆ ಹೆಸರು ಅದಕ್ಕೆ ಪರಿಚಿತವಾದ ಒಂದು ನಾದ ಮಾತ್ರ; ‘ಇದು ನಾನು’ ಎಂಬ ಅರಿವು ಇನ್ನೂ ದೂರವಿದೆ.

ಆ ಅರಿವನ್ನು ಪರೀಕ್ಷಿಸಲು ಒಂದು ಸರಳ ಉಪಾಯವುಂಟು. 1970ರಲ್ಲಿ ಗಾರ್ಡನ್ ಗ್ಯಾಲಪ್ ಎಂಬವರು ಚಿಂಪಾಂಜಿಗಳ ಮುಖಕ್ಕೆ ಅವುಗಳ ಅರಿವಿಲ್ಲದಂತೆ ಬಣ್ಣ ಹಚ್ಚಿ, ಅವುಗಳ ಮುಂದೆ ಕನ್ನಡಿಯನ್ನಿಟ್ಟರು. ಕನ್ನಡಿಯ ಬಳಕೆಯಿದ್ದ ಚಿಂಪಾಂಜಿಗಳು ಬಣ್ಣವಿದ್ದ ಜಾಗವನ್ನು ತಮ್ಮ ಮುಖದ ಮೇಲೆಯೇ ಮುಟ್ಟಿಕೊಂಡವು. 1972ರಲ್ಲಿ ಬ್ಯೂಲಾ ಆಮ್‌ಸ್ಟರ್‌ಡ್ಯಾಮ್ ಎಂಬ ವಿದುಷಿಯು ಶಿಶುಗಳ ಮೂಗಿಗೆ ಕೆಂಬಣ್ಣ ಹಚ್ಚಿ ಇಂತಹದೇ ಪರೀಕ್ಷೆ ನಡೆಸಿದರು. ಒಂದು ವರ್ಷದ ಕೂಸು ಕನ್ನಡಿಯೊಳಗಿನ ಮಗುವನ್ನು ಆಟದ ಗೆಳೆಯನೆಂದು ಬಗೆದು ನಗುತ್ತದೆ. ಒಂದೂವರೆ ವರ್ಷ ದಾಟಿ ಎರಡನೆಯ ವರ್ಷ ತುಂಬುವ ವೇಳೆಗೆ ಹೆಚ್ಚಿನ ಮಕ್ಕಳು ಕನ್ನಡಿಯನ್ನು ಬಿಟ್ಟು ತಮ್ಮ ಮೂಗನ್ನೇ ಮುಟ್ಟಿಕೊಳ್ಳುತ್ತಾರೆ. ‘ನಾನು’, ‘ನಂದು’ ಎಂಬ ಮಾತುಗಳು ನಾಲಿಗೆಗೆ ಬರುವುದೂ ಸರಿಸುಮಾರು ಈ ಕಾಲದಲ್ಲಿಯೇ. ನಾಚಿಕೆಯ ಮೊದಲ ಸುಳಿವುಗಳೂ ಆಗಲೇ ಕಾಣಿಸುತ್ತವೆ. ತನ್ನನ್ನು ಇತರರು ನೋಡುತ್ತಿದ್ದಾರೆಂದು ತಿಳಿದವರಿಗೆ ಮಾತ್ರವೇ ನಾಚಿಕೆ ಸಾಧ್ಯವಲ್ಲವೆ?

ಇಲ್ಲೊಂದು ಎಚ್ಚರಿಕೆಯ ಮಾತು ಅವಶ್ಯ. ಆಫ್ರಿಕದ ಕೆಲವು ಗ್ರಾಮೀಣ ಪ್ರದೇಶಗಳಲ್ಲಿ ಈ ಪರೀಕ್ಷೆ ನಡೆದಾಗ, ಇನ್ನೂ ದೊಡ್ಡ ಮಕ್ಕಳು ಸಹ ಕನ್ನಡಿಯ ಮುಂದೆ ಸುಮ್ಮನೆ ನಿಂತುಬಿಟ್ಟರು. ಅವರಿಗೆ ‘ನಾನು’ ಎಂಬ ಅರಿವಿಲ್ಲವೆಂದು ಇದರ ಅರ್ಥವಲ್ಲ. ಕನ್ನಡಿಯ ಬಳಕೆ, ಅಪರಿಚಿತರ ಎದುರು ಮಕ್ಕಳು ಹೇಗಿರಬೇಕೆಂಬ ಮನೆಯ ಶಿಕ್ಷಣ ಇವೂ ಪರೀಕ್ಷೆಯಲ್ಲಿ ಸೇರಿರುತ್ತವೆ. ಸ್ವಪ್ರಜ್ಞೆಯನ್ನು ಅಳೆಯುವ ಕೋಲು ಎಲ್ಲ ನಾಡುಗಳಲ್ಲಿಯೂ ಒಂದೇ ಆಗಲಾರದು.

ನಿನ್ನೆಯ ನಾನು, ಇಂದಿನ ನಾನು

ಕನ್ನಡಿಯು ತೋರಿಸುವುದು ಈ ಕ್ಷಣದ ‘ನಾನು’ವನ್ನು ಮಾತ್ರ. ನಿನ್ನೆ ಇದ್ದವನೂ ನಾನೇ ಎಂಬ ತಿಳಿವಳಿಕೆಗೆ ಇನ್ನೂ ಕಾಲ ಬೇಕು. 1996ರಲ್ಲಿ ಪ್ರಕಟವಾದ ಒಂದು ಚಮತ್ಕಾರದ ಪ್ರಯೋಗ ಹೀಗಿದೆ: ಮಗು ಆಡುತ್ತಿರುವಾಗ ಅದಕ್ಕೆ ತಿಳಿಯದಂತೆ ತಲೆಗೂದಲಿಗೆ ಒಂದು ಚೀಟಿಯನ್ನು ಅಂಟಿಸಿ, ಆ ದೃಶ್ಯವನ್ನು ಚಿತ್ರೀಕರಿಸಿ, ಕೆಲವು ನಿಮಿಷಗಳ ತರುವಾಯ ಅದೇ ಮಗುವಿಗೆ ತೋರಿಸಿದರು. ನಾಲ್ಕು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಥಟ್ಟನೆ ತಲೆಗೆ ಕೈಹಾಕಿ ಚೀಟಿಯನ್ನು ತೆಗೆದರು. ಇನ್ನೂ ಚಿಕ್ಕ ಮಕ್ಕಳಲ್ಲಿ ಹೆಚ್ಚಿನವರು ತೆಗೆಯಲಿಲ್ಲ. ಚಿತ್ರದಲ್ಲಿರುವುದು ತಾನೇ ಎಂದು ಹೆಸರು ಹೇಳಬಲ್ಲ ಮಗುವೂ ತಲೆ ಮುಟ್ಟಿಕೊಳ್ಳದೆ ಇದ್ದುದುಂಟು. ಆಗ ನಡೆದುದು ಈಗಿನ ತನಗೆ ಸಂಬಂಧಿಸಿದ್ದೆಂಬುದು ಅದಕ್ಕೆ ಹೊಳೆಯಲಿಲ್ಲ.

ನಮ್ಮಲ್ಲಿ ಹಲವರ ಅತ್ಯಂತ ಹಳೆಯ ನೆನಪು ಮೂರು, ಮೂರೂವರೆ ವರ್ಷಗಳ ಆಚೆಗೆ ಹೋಗದಿರುವುದೂ ಇದಕ್ಕೆ ಹೊಂದಿಕೊಳ್ಳುತ್ತದೆ. ಮುಂದೆ ಅಜ್ಜಿ, ತಾಯಿ ‘ಆಗ ನೀ ಹಿಂಗ ಮಾಡಿದ್ದಿ’ ಎಂದು ಹೇಳುವ ಮಾತುಗಳಿಂದ ಮಗುವಿನ ನೆನಪುಗಳು ಒಂದು ಸರಕ್ಕೆ ಪೋಣಿಸಲ್ಪಡುತ್ತವೆ. ಹೀಗೆ ‘ನಾನು’ ಎಂಬುದರ ಮೊದಲ ಕಥೆಯನ್ನು ನಾವು ಹೇಳುವುದಿಲ್ಲ, ಇತರರ ಬಾಯಿಂದ ಕೇಳುತ್ತೇವೆ.

ಹರೆಯದ ಪ್ರಶ್ನೆ

ಶಾಲೆಯ ವಯಸ್ಸಿನಲ್ಲಿ ಹೋಲಿಕೆಯು ಆರಂಭವಾಗುತ್ತದೆ: ನಾನು ಅವನಿಗಿಂತ ಜಾಣ, ಇವಳಿಗಿಂತ ದಡ್ಡ ಎಂದು. ಹರೆಯದಲ್ಲಿ ಇಷ್ಟು ಸಾಲದೆ, ‘ನಾನು ಏನಾಗಬೇಕು?’ ಎಂಬ ಪ್ರಶ್ನೆ ಏಳುತ್ತದೆ. ಇದನ್ನು ಶಾಸ್ತ್ರದ ಮುಖ್ಯ ವಿಷಯವಾಗಿ ಮಾಡಿದವರು ಎರಿಕ್ ಎರಿಕ್ಸನ್. 1902ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಇವರಿಗೆ ತಮ್ಮ ಹೆತ್ತ ತಂದೆ ಯಾರೆಂದು ತಿಳಿದಿರಲಿಲ್ಲ. ಮಲತಂದೆಯ ಹೆಸರಿನಲ್ಲಿ ಬೆಳೆದು, ಅಮೇರಿಕದ ಪ್ರಜೆಯಾದಾಗ ‘ಎರಿಕ್ಸನ್’, ಅಂದರೆ ‘ಎರಿಕನ ಮಗ’ ಎಂಬ ಅಡ್ಡಹೆಸರನ್ನು ತಾವೇ ಇಟ್ಟುಕೊಂಡರು. ಜೀವಮಾನದಲ್ಲಿ ಎಂಟು ಘಟ್ಟಗಳಿವೆಯೆಂದೂ ಪ್ರತಿಯೊಂದಕ್ಕೂ ಅದರದೇ ಬಿಕ್ಕಟ್ಟು ಇದೆಯೆಂದೂ ಅವರು 1950ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. 1966ರಲ್ಲಿ ಜೇಮ್ಸ್ ಮಾರ್ಷಿಯಾ ಎಂಬವರು ಇದಕ್ಕೆ ಒಂದು ಸೂಕ್ಷ್ಮವನ್ನು ಸೇರಿಸಿದರು: ಹುಡುಕಿ ಆರಿಸಿಕೊಂಡವರು ಬೇರೆ, ಹುಡುಕದೆಯೇ ಹಿರಿಯರು ಕೊಟ್ಟುದನ್ನು ಒಪ್ಪಿಕೊಂಡವರು ಬೇರೆ. ಹೊರಗಿನಿಂದ ಇಬ್ಬರೂ ಸ್ಥಿರಚಿತ್ತರಂತೆಯೇ ಕಾಣುತ್ತಾರೆ.

ಕೊಟ್ಟುದು ಮತ್ತು ಆರಿಸಿಕೊಂಡುದು ಹೇಗೆ ಕೂಡಿಕೊಳ್ಳುತ್ತವೆಂಬುದಕ್ಕೆ ಬೇಂದ್ರೆಯವರೇ ನಿದರ್ಶನ. 1896ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರ ಮನೆಮಾತು ಮರಾಠಿ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು ತಾಯಿಯ ಆಶ್ರಯದಲ್ಲಿ ಬೆಳೆದರು. ಮರಾಠಿಯಲ್ಲಿಯೂ ಬರೆದರಾದರೂ ತಮ್ಮ ಕಾವ್ಯಕ್ಕೆ ಕನ್ನಡವನ್ನೇ ಆರಿಸಿಕೊಂಡರು, ಅದೂ ಧಾರವಾಡದ ಓಣಿಗಳ ಕನ್ನಡವನ್ನು. ಕಾವ್ಯನಾಮವಾಗಿ ಇಟ್ಟುಕೊಂಡುದು ‘ಅಂಬಿಕಾತನಯದತ್ತ’, ಎಂದರೆ ಅಂಬಿಕೆಯ ಮಗ ದತ್ತ. ಹೊಸ ಹೆಸರು ತಾವೇ ಮಾಡಿಕೊಂಡುದು. ಆದರೆ ಅದರ ಬೇರು ತಾಯಿಯಲ್ಲಿ. ಅದರಂತೆಯೇ, 1920ರ ದಶಕದ ‘ಗೆಳೆಯರ ಗುಂಪು’ ಅವರಿಗೂ ಅವರ ಓರಗೆಯವರಿಗೂ ಇನ್ನೊಂದು ಕನ್ನಡಿಯಾಯಿತು. ಒಬ್ಬಂಟಿಯಾಗಿ ಕುಳಿತು ಯಾರೂ ‘ತಾನು’ ಆಗುವುದಿಲ್ಲ.

ಇಪ್ಪತ್ತಕ್ಕೆ ಮುಗಿಯಿತೆ?

ಮೂವತ್ತು ತುಂಬಿದವನ ಸ್ವಭಾವವು ಗಟ್ಟಿಯಾದ ಗಾರೆಯಂತೆ ಎಂಬ ನಂಬಿಕೆ ಹಿಂದೆ ಪ್ರಬಲವಾಗಿತ್ತು. ಅವಳಿಗಳ ಅಧ್ಯಯನಗಳಿಂದ, ಜನರ ಸ್ವಭಾವಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ಸುಮಾರು ಅರ್ಧದಷ್ಟು ಅನುವಂಶೀಯವೆಂದು ತಿಳಿದುಬಂದಿರುವುದೂ ನಿಜ. ಆದರೆ 92 ದೀರ್ಘಕಾಲಿಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ಪರಿಶೀಲನೆಯು ಬೇರೆ ಸಂಗತಿಯನ್ನು ಹೊರಗೆಡವಿತು. ವಯಸ್ಸು ಏರಿದಂತೆ ಸರಾಸರಿಯಲ್ಲಿ ಮನುಷ್ಯರು ಹೆಚ್ಚು ಕರ್ತವ್ಯನಿಷ್ಠರೂ ಹೆಚ್ಚು ಸಮಚಿತ್ತರೂ ಆಗುತ್ತಾರೆ. ಅತ್ಯಧಿಕ ಬದಲಾವಣೆ ನಡೆಯುವುದು ಹರೆಯದಲ್ಲಲ್ಲ, 20ರಿಂದ 40ರ ನಡುವೆ. ಕೆಲಸ, ಮದುವೆ, ಮಕ್ಕಳು, ಹೊಣೆಗಾರಿಕೆ ಇವೆಲ್ಲ ಬಂದೊದಗುವ ಕಾಲವದು.

ಸ್ಕಾಟ್ಲೆಂಡಿನಲ್ಲಿ 1950ರಲ್ಲಿ 14 ವರ್ಷದ ವಿದ್ಯಾರ್ಥಿಗಳ ಆರು ಗುಣಗಳಿಗೆ ಶಿಕ್ಷಕರು ಅಂಕ ಕೊಟ್ಟಿದ್ದರು: ಆತ್ಮವಿಶ್ವಾಸ, ಛಲ, ಸಮಚಿತ್ತ ಇತ್ಯಾದಿ. ಅವರಲ್ಲಿ 174 ಮಂದಿಯನ್ನು 77ನೆಯ ವಯಸ್ಸಿನಲ್ಲಿ ಮರಳಿ ಪರೀಕ್ಷಿಸಿದಾಗ, ಹಳೆಯ ಅಂಕಗಳಿಗೂ ಹೊಸ ಅಂಕಗಳಿಗೂ ಹೇಳಿಕೊಳ್ಳುವಂತಹ ಸಂಬಂಧವೇ ಕಾಣಲಿಲ್ಲ. ಪರೀಕ್ಷಿಸಿದವರ ಸಂಖ್ಯೆ ಚಿಕ್ಕದು. ಅಂದು ಅಂಕವಿತ್ತವರು ಶಿಕ್ಷಕರು, ಇಂದು ಅವರವರೇ ಮತ್ತು ಅವರ ಆಪ್ತರು. ಆದುದರಿಂದ ಇದೊಂದರಿಂದಲೇ ತೀರ್ಮಾನಕ್ಕೆ ಬರಲಾಗದು. ಆದರೂ 14ರ ವಯಸ್ಸಿನಲ್ಲಿ ಹಚ್ಚಿದ ಚೀಟಿಯು ಜೀವಮಾನದುದ್ದಕ್ಕೂ ಅಂಟಿಕೊಂಡಿರುವುದೆಂದು ನಂಬಲು ಇದು ಆಸ್ಪದ ಕೊಡುವುದಿಲ್ಲ.

ದನಿ ಬದಲಾದಾಗ

ಸರಾಸರಿಗಳಿಂದ ಒಂದು ಬಾಳಿನ ಒಳಗುಟ್ಟು ತಿಳಿಯದು. ಅದಕ್ಕಾಗಿ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಕಡೆಗೆ ತಿರುಗೋಣ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರ ಪೂರ್ವಜರ ಊರು ಹಾನಗಲ್ಲ. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ಮಗಳಿಗೆ ಹಿಂದುಸ್ತಾನಿ ಸಂಗೀತ ಒಲಿಯಲೆಂದು ತಮ್ಮ ಹಾಡುಗಾರಿಕೆಯನ್ನೇ ಬದಿಗಿಟ್ಟವರು. ಹಾಡುವ ಹೆಣ್ಣುಮಕ್ಕಳ ಮನೆತನವೆಂಬ ಕಾರಣಕ್ಕೆ ನೆರೆಹೊರೆಯ ನಿಂದೆಯನ್ನೂ ಜಾತಿಯ ಅವಮಾನವನ್ನೂ ಆ ಬಾಲಕಿ ಉಂಡಿದ್ದಳು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಹಾಡಿದ್ದು ಅದೇ ಬಾಲಕಿ. ಒಂದೇ ವಯಸ್ಸಿನಲ್ಲಿ ಲೋಕವು ಅವಳಿಗೆ ಎರಡು ಕನ್ನಡಿಗಳನ್ನು ಹಿಡಿದಿತ್ತು.

1930ರ ದಶಕದ ಆರಂಭದಲ್ಲಿ ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ ಅವರ ಧ್ವನಿಮುದ್ರಿಕೆಗಳು ಹೊರಬಂದವು. ಅವುಗಳಲ್ಲಿ ಕೇಳಿಸುವುದು ಎತ್ತರದ, ತೆಳುವಾದ ಹೆಣ್ಣುದನಿ. ತರುವಾಯ ಗಂಟಲಿನ ಬೇನೆ, ಅದರ ಚಿಕಿತ್ಸೆ. ದನಿಯು ತಗ್ಗಿ, ಗಡುಸಾಗಿ, ಕೇಳಿದವರು ಗಂಡಸಿನದೆಂದು ಭ್ರಮಿಸುವಂತಾಯಿತು. ಹಾಡುಗಾರರಿಗೆ ದನಿಯೆಂದರೆ ತಾವೇ. ಅದು ಬದಲಾದರೆ ‘ನಾನು’ ಉಳಿಯುವುದು ಎಲ್ಲಿ? ಗಂಗೂಬಾಯಿಯವರಲ್ಲಿ ಅದು ಉಳಿದುದು ಸಾಧನೆಯಲ್ಲಿ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಗುರು ಸವಾಯಿ ಗಂಧರ್ವರಿಂದ ಪಡೆದ ಕಿರಾನಾ ಘರಾಣೆಯ ನಿಧಾನವಾದ ಆಲಾಪಕ್ಕೆ ಆ ಹೊಸ ದನಿಯ ಭಾರವನ್ನೇ ಅವರು ಒಗ್ಗಿಸಿಕೊಂಡರು. ಕೊರತೆಯೆಂದು ತೋರಬಹುದಾಗಿದ್ದುದು ಅವರ ಗುರುತೇ ಆಯಿತು. ತೊಂಬತ್ತು ದಾಟಿದ ಮೇಲೂ ವೇದಿಕೆಯೇರಿ ಹಾಡಿದ ಅವರು 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡರು.

ಮುಪ್ಪಿನಲ್ಲಿ ಕಥೆ

ಅವರ ಆತ್ಮಕಥೆಯ ಹೆಸರು ‘ನನ್ನ ಬದುಕಿನ ಹಾಡು’. ಧಾರವಾಡದ ಮಲ್ಲಿಕಾರ್ಜುನ ಮನಸೂರರ ಆತ್ಮಕಥೆ ‘ನನ್ನ ರಸಯಾತ್ರೆ’. ನೂರಾರು ತಿರುವುಗಳ ಬಾಳನ್ನು ಒಂದೇ ಹಾಡು, ಒಂದೇ ಯಾತ್ರೆ ಎಂದು ಕಾಣುವ ಶಕ್ತಿಯೇ ವ್ಯಕ್ತಿತ್ವದ ಮೇಲಿನ ಅಂತಸ್ತು ಎಂದು ಡ್ಯಾನ್ ಮ್ಯಾಕ್ಆಡಮ್ಸ್ ಮೊದಲಾದ ಇಂದಿನ ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಮುದುಕರ ನೆನಪುಗಳಲ್ಲಿ ಹತ್ತರಿಂದ ಮೂವತ್ತರವರೆಗಿನ ವರ್ಷಗಳೇ ದಟ್ಟವಾಗಿರುತ್ತವೆ. ಅಜ್ಜನು ಮತ್ತೆ ಮತ್ತೆ ತನ್ನ ಕಾಲೇಜಿನ ಕಥೆಯನ್ನೇ ಹೇಳಿದರೆ ಬೇಸರಪಡಬೇಕಾಗಿಲ್ಲ. ಆ ಕಥೆಯಲ್ಲಿ ಅವನು ತನ್ನನ್ನು ಕಾಯ್ದುಕೊಳ್ಳುತ್ತಿದ್ದಾನೆ.

ಹಾಗೆಂದು ನೆನಪೇ ಸರ್ವಸ್ವವಲ್ಲ. 1981ರಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಮಿದುಳಿಗೆ ಪೆಟ್ಟು ಬಿದ್ದ ಕೆನಡಾದ ಒಬ್ಬ ರೋಗಿಗೆ ತನ್ನ ಬಾಳಿನ ಒಂದು ಘಟನೆಯೂ ನೆನಪಿರಲಿಲ್ಲ. ಆದರೂ ತನ್ನ ಸ್ವಭಾವ ಎಂತಹದೆಂದು ಕೇಳಿದಾಗ ಅವನು ಕೊಟ್ಟ ಉತ್ತರವು ಅವನ ತಾಯಿ ಕೊಟ್ಟ ಉತ್ತರದೊಂದಿಗೆ ಬಹುಮಟ್ಟಿಗೆ ಹೊಂದುತ್ತಿತ್ತು. ಒಂದು ತಂತಿ ಕಡಿದರೂ ಉಳಿದವು ನುಡಿಯುತ್ತವೆ.

ಕೊನೆಗೆ, ವಿದ್ಯಾರ್ಥಿ ವಾಚಕರು ಗಮನಿಸಬೇಕಾದ ಒಂದು ಮಾತು. 18ರಿಂದ 68 ವರ್ಷದವರೆಗಿನ 19,000ಕ್ಕೂ ಹೆಚ್ಚು ಜನರನ್ನು ಪ್ರಶ್ನಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಕಳೆದ ಹತ್ತು ವರ್ಷಗಳಲ್ಲಿ ತಾವು ಬಹಳ ಬದಲಾಗಿರುವುದಾಗಿ ಎಲ್ಲ ವಯಸ್ಸಿನವರೂ ಒಪ್ಪಿದರು. ಮುಂದಿನ ಹತ್ತು ವರ್ಷಗಳಲ್ಲಿ ಅಷ್ಟಾಗಿ ಬದಲಾಗುವುದಿಲ್ಲವೆಂದೂ ಎಲ್ಲ ವಯಸ್ಸಿನವರೂ ನಂಬಿದ್ದರು. ಪರೀಕ್ಷೆಯಲ್ಲಿ ಕಡಮೆ ಅಂಕ ಬಂದ ಹದಿನೇಳರ ಹುಡುಗಿಯು ‘ನಾನು ಇಷ್ಟೇ’ ಎಂದುಕೊಳ್ಳುವುದೂ, ಮೊದಲ ಸ್ಥಾನ ಪಡೆದ ಹುಡುಗನು ‘ನಾನೆಂದರೆ ಇದೇ’ ಎಂದುಕೊಳ್ಳುವುದೂ ಈ ಒಂದೇ ಭ್ರಮೆಯ ಎರಡು ಮುಖಗಳು. ಅವರ ಬಾಳಿನಲ್ಲಿ ಹೆಚ್ಚಿನ ಬದಲಾವಣೆಯ ಇಪ್ಪತ್ತು ವರ್ಷಗಳು ಇನ್ನೂ ಆರಂಭವಾಗಿಯೇ ಇಲ್ಲ.