ಒಂದು ಆಂಟೆನಾ, ಎರಡು ಪೆಟ್ಟಿಗೆ

ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರಿಂದಾಚೆಗೆ, ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕನ್ ಸೇನೆಯ 84ನೇ ಏರ್ ಡಿಪೋ ಆಗಿತ್ತು. ಡಕೋಟಾ, ಬಿ-25, ಕ್ಯಾಟಲೀನಾಗಳು ಅಲ್ಲಿ ರಿಪೇರಿಗೆ ಬರುತ್ತಿದ್ದವು. ಬಿ-25ಯಂಥ ವಿಮಾನಗಳಲ್ಲಿ ಕೇಳಲು ಬಿಸಿ-348 ರಿಸೀವರ್, ಮಾತಾಡಲು ಬಿಸಿ-375 ಟ್ರಾನ್ಸ್‌ಮಿಟರ್. ಯುದ್ಧ ಮುಗಿದ ಮೇಲೆ ಇಂಥ ಸೆಟ್‌ಗಳು ಅಗ್ಗದ ದರಕ್ಕೆ ಹವ್ಯಾಸಿ ರೇಡಿಯೋದವರಾದ ಹ್ಯಾಮ್‌ಗಳ ಪಾಲಾದವು.

ದೊಡ್ಡಬಳ್ಳಾಪುರ ಕಡೆಯ ತೋಟದ ಮನೆಯೊಂದರಲ್ಲಿ ಈ ಜೋಡಿಯನ್ನು ಮತ್ತೆ ಮಾತಾಡಿಸಲು ಹೊರಟರೆ ಮೊದಲ ತಕರಾರು ಕರೆಂಟಿನದು. ಎರಡೂ ವಿಮಾನದ 28 ವೋಲ್ಟ್ ಡಿಸಿ ನಂಬಿ ಹುಟ್ಟಿದವು. ಟ್ರಾನ್ಸ್‌ಮಿಟರ್‌ಗಂತೂ ಡೈನಮೋಟರ್ ಎಂಬ ತಿರುಗುಯಂತ್ರ 1000 ವೋಲ್ಟ್ ತಯಾರಿಸಿ ಕೊಡಬೇಕು. ಅದರ ಬದಲು ಮನೆಯ 230 ವೋಲ್ಟಿನಿಂದ ಹೊಸ ಸಪ್ಲೈ ಕಟ್ಟುವವರು ಒಂದನ್ನು ಮರೆಯುವಂತಿಲ್ಲ: ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರುತ್ತದೆ.

ಆಂಟೆನಾ ಒಂದೇ. 7 ಮೆಗಾಹರ್ಟ್ಸಿಗೆ ಎರಡು ತೆಂಗಿನ ಮರಗಳ ನಡುವೆ ಸುಮಾರು 20 ಮೀಟರ್ ತಂತಿ ಸಾಕು. ಅದನ್ನು ಎರಡು ಪೆಟ್ಟಿಗೆಗಳು ಹಂಚಿಕೊಳ್ಳುವುದು ರಿಲೇ ಎಂಬ ವಿದ್ಯುತ್ ಸ್ವಿಚ್ಚಿನ ಮೂಲಕ, ಮತ್ತು ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಮೊದಲು ರಿಸೀವರ್ ಮೂಕವಾಗಬೇಕು, ಆಮೇಲೆ ಆಂಟೆನಾ ಟ್ರಾನ್ಸ್‌ಮಿಟರ್ ಕಡೆ ವಾಲಬೇಕು, ಕೊನೆಗೆ ಪವರ್ ಹರಿಯಬೇಕು. ಕ್ಷಣಾರ್ಧ ಹಿಂದುಮುಂದಾದರೂ ರಿಲೇಯ ಸಂಪರ್ಕಬಿಂದು ಕಿಡಿಯಲ್ಲಿ ಸುಡುತ್ತದೆ, ಇಲ್ಲವೇ ರಿಸೀವರಿನ ಮುಂಭಾಗದ ಕಾಯಿಲ್ ಹೋಗುತ್ತದೆ.

ಇನ್ನು ಎರಡರ ಶ್ರುತಿ ಕೂಡಿಸುವುದು. ಇಂದಿನ ಸೆಟ್ಟಿನಲ್ಲಿ ಒಂದೇ ಗುಂಡಿ ಎರಡೂ ಕೆಲಸ ಮಾಡುತ್ತದೆ. ಇಲ್ಲಿ ಎದುರಿನವರಿಗೆ ರಿಸೀವರ್ ಹೊಂದಿಸಿ, ಆ ಹೊತ್ತಿಗೆ ಮಾತ್ರ ಅದನ್ನು ಪೂರ್ತಿ ಮೂಕವಾಗಿಸದೆ, ಮೋರ್ಸ್ ಕೀ ಒತ್ತಿ, ಸ್ವಂತ ಶಿಳ್ಳೆಯನ್ನು ಅದರಲ್ಲೇ ಕೇಳುತ್ತ, ಸ್ವರ ಇಳಿದಿಳಿದು ಮಾಯವಾಗುವ ತನಕ ಟ್ರಾನ್ಸ್‌ಮಿಟರ್ ತಿರುಗಿಸಬೇಕು. 375ಕ್ಕೆ ಇನ್ನೊಂದು ಕಾಯಿಲೆ: ಕೀ ಒತ್ತಿದಾಗ ಹೊರೆ ಏರಿ ವೋಲ್ಟೇಜ್ ಕುಸಿಯುತ್ತದೆ, ತರಂಗ ಹುಟ್ಟಿಸುವ ಆಸಿಲೇಟರಿನ ಶ್ರುತಿ ಜಾರುತ್ತದೆ, ಮೋರ್ಸಿನ ಪ್ರತಿ ಚುಕ್ಕೆಯೂ ಹಕ್ಕಿಯ ಕೂಗಿನಂತೆ ಕೇಳಿಸುತ್ತದೆ. ಹ್ಯಾಮ್‌ಗಳು ಇದನ್ನು 'ಚಿರ್ಪ್' ಅನ್ನುತ್ತಾರೆ. ಸಪ್ಲೈ ಗಟ್ಟಿಯಾದಷ್ಟೂ ಇದು ಕಡಿಮೆ. ಪೂರ್ತಿ ಹೋಗದಿದ್ದರೆ ಬೇಸರವೇನಿಲ್ಲ. ಹಳೇ ಸೆಟ್ಟಿನ ಗುರುತೂ ಅದೇ.

ಹಳ್ಳಿಯಲ್ಲಿ ಜಾಗ ಧಾರಾಳ, ರೇಡಿಯೋ ಗದ್ದಲವೂ ಒಂದಿಷ್ಟು ಕಡಿಮೆ. ಇದೇ ದಾರಿಯಲ್ಲಿ ಮುಂದೆ ಸಿಗುವ ಗೌರಿಬಿದನೂರಿನಲ್ಲಿ ಇಂಥದೇ ಜಾಗ, ನಿಶ್ಶಬ್ದ ಬೇಡುವ 34.5 ಮೆಗಾಹರ್ಟ್ಸಿನ ರೇಡಿಯೋ ದೂರದರ್ಶಕವನ್ನು ಕಟ್ಟಿದ್ದರು. ಅದರ ಪೂರ್ವ-ಪಶ್ಚಿಮ ಸಾಲೇ 1.38 ಕಿ.ಮೀ. ಉದ್ದವಿತ್ತು. ಆದರೆ ಈಗ ಹ್ಯಾಮ್‌ಗಳ ಶತ್ರು ಎಂದರೆ ಗದ್ದಲ ಎಬ್ಬಿಸುವ ಅಗ್ಗದ ಎಲ್‌ಇಡಿ ಬಲ್ಬು, ಚಾರ್ಜರ್.

ವಾಹಕ ತರಂಗವಿಲ್ಲದೆ ಬರುವ ಇಂದಿನ ಎಸ್‌ಎಸ್‌ಬಿ ಧ್ವನಿ ಈ ರಿಸೀವರಿನಲ್ಲಿ ಹಾಗೇ ಅರ್ಥವಾಗದು. ಆ ತರಂಗವನ್ನು ತುಂಬಿಕೊಡುವ ಬಿಎಫ್‌ಒ ಹಾಕಿ, ಸ್ವಿಚ್ಚನ್ನು ಕೈಯಿಂದ ಗೇನ್ ಹೊಂದಿಸುವ ಎಂವಿಸಿಗೆ ತಿರುಗಿಸಿ, ಗೇನ್ ಇಳಿಸಿ, ಡಯಲನ್ನು ಕೂದಲೆಳೆಯಷ್ಟು ಅಲುಗಿಸಿದರೆ ಮಾತು ತಿಳಿಯಾಗುತ್ತದೆ.